ಚರ್ಚಿನ ಯುವಕ ಯುವತಿಯರು ಎಲ್‌ಜಿಬಿಟಿ ಗೆಳೆಯರ ಪರ ನಿಲ್ಲುವುದು ಹೇಗೆ? ಅಹಿಂಸೆಯ ದಾರಿಯ ಮಾರ್ಗದರ್ಶಿ

ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ, ಹಾವೇರಿ ಕಡೆಯ ಯೌವನಸ್ಥರ ಕೂಟಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. “ನಮ್ಮ ಕ್ವಾಯರ್‌ನಲ್ಲಿ ಹಾಡುತ್ತಿದ್ದ ಗೆಳೆಯ ಚರ್ಚಿಗೆ ಬರೋದನ್ನೇ ಬಿಟ್ಟಾನ. ಅವನು ಗೇ ಅಂತ ಯಾರೋ ಹಬ್ಬಿಸಿದರು. ನಾವು ಏನಾದರೂ ಮಾಡಬೇಕು. ಎಲ್ಲಿಂದ ಶುರು ಮಾಡೋದು?” ಊರು ಬೇರೆ, ಮಾತು ಇದೇ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲೇ ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಕೈ ಎತ್ತದೆ ಇದ್ದ ಮಾತ್ರಕ್ಕೆ ಹೋರಾಟ ಅಹಿಂಸೆಯದಾಗುವುದಿಲ್ಲ. ಅನ್ಯಾಯ ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಬೇಕು, ಅದಕ್ಕೆ ಬೀಳುವ ಪೆಟ್ಟನ್ನು ನಾವೇ ಹೊರಬೇಕು. ಆದ್ದರಿಂದ ಯಾವ ಹೆಜ್ಜೆ ಇಡುವ ಮುನ್ನವೂ ಕೇಳಿಕೊಳ್ಳಿ: ಇದರ ಪೆಟ್ಟು ಯಾರಿಗೆ ಬೀಳುತ್ತದೆ? ನಮಗೆ ಬೀಳುವುದಾದರೆ ಮುಂದುವರಿಯಿರಿ. ಚರ್ಚು ಬಿಟ್ಟ ಆ ಗೆಳೆಯನಿಗೆ ಬೀಳುವುದಾದರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಏಳು ಹಂತಗಳೂ ಈ ಒಂದು ಪ್ರಶ್ನೆಯ ಸುತ್ತವೇ ಇವೆ.

ಬೇಕಾದದ್ದು ಏನು?

ಐದಾರು ಜನ ಸಾಕು. ಎಲ್ಲರಿಗೂ 18 ತುಂಬಿರಲಿ. ಸಂಡೇ ಸ್ಕೂಲಿನ ಮಕ್ಕಳನ್ನಾಗಲಿ, ಹೈಸ್ಕೂಲು ಹುಡುಗರನ್ನಾಗಲಿ ಸೇರಿಸಿಕೊಳ್ಳಬೇಡಿ. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಅಪ್ರಾಪ್ತರನ್ನು ಕರೆತಂದರೆ ಮೊದಲ ವಾರವೇ ಕೆಲಸ ಕೆಡುತ್ತದೆ. ಸಭೆಯಲ್ಲಿ, ಅಂದರೆ ಚರ್ಚಿನ ಜನರ ನಡುವೆ, ಮಾತಿಗೆ ತೂಕವಿರುವ ಒಬ್ಬ ಹಿರಿಯರು ಜೊತೆಗಿರಲಿ. ನಾನು ಕಂಡ ಹಾಗೆ ಈ ಕೆಲಸಕ್ಕೆ ಚರ್ಚಿನ ಸಮಿತಿಯ ಗಂಡಸರಿಗಿಂತ ಸ್ತ್ರೀಯರ ಕೂಟದ ಹಿರಿಯಕ್ಕ ಹೆಚ್ಚು ಆಸರೆಯಾಗುತ್ತಾರೆ. ಒಂದು ನೋಟ್‌ಬುಕ್ ಇರಲಿ, ಕನಿಷ್ಠ ಒಂದು ವರ್ಷದ ತಾಳ್ಮೆ ಇರಲಿ. ಬ್ಯಾನರ್, ಟಿ-ಶರ್ಟ್‌ಗಳಿಗೆ ಈಗಲೇ ಚಂದಾ ಎತ್ತಬೇಡಿ.

ಬಾಯಿಗೆ ಬರುವ ಪದಗಳು

ಎಲ್‌ಜಿಬಿಟಿ ಎಂಬುದು ನಾಲ್ಕು ಪದಗಳ ಮೊದಲಕ್ಷರ. ಹೆಣ್ಣನ್ನು ಪ್ರೀತಿಸುವ ಹೆಣ್ಣು ಲೆಸ್ಬಿಯನ್, ಗಂಡನ್ನು ಪ್ರೀತಿಸುವ ಗಂಡು ಗೇ, ಇಬ್ಬರತ್ತಲೂ ಮನಸ್ಸು ಹರಿಯುವವರು ಬೈಸೆಕ್ಷುವಲ್. ಹುಟ್ಟಿದಾಗ ಬರೆಸಿದ ಲಿಂಗಕ್ಕೂ ಒಳಗಿನ ಅರಿವಿಗೂ ಹೊಂದಿಕೆಯಾಗದವರು ಟ್ರಾನ್ಸ್‌ಜೆಂಡರ್. ಸರಕಾರಿ ಕನ್ನಡದಲ್ಲಿ ಲಿಂಗತ್ವ ಅಲ್ಪಸಂಖ್ಯಾತರು. ‘ಸಲಿಂಗಕಾಮಿ’ ಎಂಬ ಪದ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಆದರೆ ಒಬ್ಬ ಮನುಷ್ಯನ ಪ್ರೀತಿ, ಒಂಟಿತನ, ಮನೆ ಕಟ್ಟುವ ಆಸೆ ಎಲ್ಲವನ್ನೂ ಅದು ಕಾಮ ಎಂಬ ಎರಡಕ್ಷರಕ್ಕೆ ಇಳಿಸುತ್ತದೆ. ‘ಸಲಿಂಗ ಪ್ರೇಮ’ ಎನ್ನಿ.

‘ಔಟಿಂಗ್’ ಎಂದರೆ ಒಬ್ಬರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಹೊರಹಾಕುವುದು. ‘ಕನ್ವರ್ಷನ್ ಥೆರಪಿ’ ಎಂದರೆ ಮದ್ದು, ಶಾಕ್, ಬಲವಂತದ ಪ್ರಾರ್ಥನೆಗಳಿಂದ ಒಬ್ಬರ ಸ್ವಭಾವವನ್ನೇ ತಿರುಗಿಸಲು ಹೊರಡುವುದು. ಈ ಎರಡನೆಯ ಪದವನ್ನು ನಮ್ಮ ಕಡೆ ಬಳಸಲೇಬೇಡಿ. ಚರ್ಚು ಮತ್ತು ಕನ್ವರ್ಷನ್ ಒಂದೇ ಸಾಲಿನಲ್ಲಿ ಬಂದರೆ ಕೇಳಿದವರಿಗೆ ಅರ್ಥವಾಗುವುದು ಮತಾಂತರ ಎಂದೇ. ‘ಸ್ವಭಾವ ತಿದ್ದುವ ಚಿಕಿತ್ಸೆ’ ಅನ್ನಿ, ಗೊಂದಲವಿರುವುದಿಲ್ಲ.

1. ಮೊದಲು ಕೇಳಿಸಿಕೊಳ್ಳಿ

ಚರ್ಚು ಬಿಟ್ಟ ಗೆಳೆಯನ ಬಳಿಗೆ ಒಬ್ಬರೇ ಹೋಗಿ. ಗುಂಪಾಗಿ ಹೋದರೆ ಅದು ವಿಚಾರಣೆಯಂತೆ ಕಾಣುತ್ತದೆ. “ನಿನ್ನ ವಿಷಯ ಗೊತ್ತಾಯ್ತು” ಎಂದು ಶುರು ಮಾಡಬೇಡಿ. “ಬಾಳ ದಿನ ಆತು, ಚಹಾ ಕುಡಿಯೋಣು ಬಾ” ಅನ್ನಿ, ಸಾಕು. ಅವನೇ ಹೇಳಿದರೆ ಕೇಳಿ, ಹೇಳದಿದ್ದರೆ ಚಹಾ ಕುಡಿದು ಬನ್ನಿ. ಇನ್ನೊಂದು ವಾರ ಮತ್ತೆ ಹೋಗಿ.

ಅವನು ಮಾತಾಡಿದ ಮೇಲೆ ಕೇಳಬೇಕಾದ್ದು ಇಷ್ಟು: ನಾವು ಏನು ಮಾಡಿದರೆ ನಿನಗೆ ಒಳ್ಳೆಯದಾಗುತ್ತದೆ, ಏನು ಮಾಡಿದರೆ ಕೆಡುಕಾಗುತ್ತದೆ? “ಏನೂ ಮಾಡಬ್ಯಾಡ್ರಿ” ಎಂದರೆ ಆ ಮಾತಿಗೆ ಬೆಲೆ ಕೊಡಿ. ಆಗಲೂ ಸಭೆಯ ನಡವಳಿಕೆ ಬದಲಿಸುವ ಕೆಲಸ ಮಾಡಬಹುದು. ಅವನ ಹೆಸರು, ಅವನ ಕಥೆ ಅದರಲ್ಲಿ ಎಲ್ಲಿಯೂ ಬರಕೂಡದು, ಅಷ್ಟೆ.

ಎಲ್ಲರೂ ಎಡವುವುದು ಇಲ್ಲಿಯೇ. ಉತ್ಸಾಹಕ್ಕೆ ವಾಟ್ಸ್‌ಆ್ಯಪ್ ಗ್ರೂಪ್ ಕಟ್ಟುತ್ತಾರೆ, ಯಾರೋ ಒಂದು ಫೋಟೋ ಹಾಕುತ್ತಾರೆ, ಸಂಜೆಯೊಳಗೆ ಅದು ಹುಡುಗನ ಸೋದರಮಾವನ ಫೋನಿಗೆ ತಲುಪಿರುತ್ತದೆ. ನಮ್ಮ ಸಭೆಗಳಲ್ಲಿ ಎಲ್ಲರೂ ಎಲ್ಲರಿಗೂ ಬೀಗರು. ಇಂಥ ಗೆಳೆಯರ ಹೆಸರುಗಳನ್ನು ಎಲ್ಲಿಯೂ ಬರೆಯಬೇಡಿ, ನೋಟ್‌ಬುಕ್ಕಿನಲ್ಲೂ.

2. ಓದಿಕೊಳ್ಳಿ: ಕಾನೂನು, ವೈದ್ಯ, ಬೈಬಲ್

ಕಾನೂನು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ಜನರನ್ನು ತೃತೀಯ ಲಿಂಗವೆಂದು ಗುರುತಿಸಿತು. 2018ರ ಸೆಪ್ಟೆಂಬರ್ 6ರಂದು ಭಾರತೀಯ ದಂಡ ಸಂಹಿತೆಯ (ಐಪಿಸಿ) 377ನೇ ಕಲಂನ ವ್ಯಾಪ್ತಿಯಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಹೊರಗಿಟ್ಟಿತು. ಆ ಕಲಂ ಇದ್ದ ಐಪಿಸಿ ಬ್ರಿಟಿಷರು 1860ರಲ್ಲಿ ತಂದದ್ದು. “ಇದೆಲ್ಲಾ ಪರದೇಶದಿಂದ ಬಂದದ್ದು” ಎನ್ನುವವರಿಗೆ ಇದನ್ನು ಹೇಳಿ: ಬಂದದ್ದು ಶಿಕ್ಷೆ. ಸವದತ್ತಿ ಎಲ್ಲಮ್ಮನ ಸೇವೆಗೆ ನಿಂತು ಹೆಣ್ಣಿನಂತೆ ಉಡುವ ಜೋಗಪ್ಪಗಳನ್ನು ನಮ್ಮ ಅಜ್ಜ ಅಜ್ಜಿಯರು ಕಂಡೇ ಬೆಳೆದವರು. ಟ್ರಾನ್ಸ್‌ಜೆಂಡರ್ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಕರ್ನಾಟಕ ಸರಕಾರ ತನ್ನ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿತು. ಸಲಿಂಗ ಮದುವೆಗೆ ಮಾತ್ರ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮಾನ್ಯತೆ ಕೊಡಲಿಲ್ಲ. ಆದ್ದರಿಂದ ಚರ್ಚಿನಲ್ಲಿ ಮದುವೆಯ ಮಾತಿನಿಂದ ಶುರು ಮಾಡಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ವೈದ್ಯ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ವಭಾವ ತಿದ್ದುವ ಚಿಕಿತ್ಸೆಯನ್ನು ವೈದ್ಯರ ದುರ್ನಡತೆ ಎಂದು ಹೇಳಿತು. ಮಗನನ್ನು ಎಲ್ಲೆಲ್ಲಿಗೋ ‘ತೋರಿಸಲು’ ಹೊರಟ ತಂದೆತಾಯಿಗೆ ಈ ಎರಡು ಸಂಗತಿ ಮೆಲ್ಲಗೆ ಹೇಳಲು ಬರಬೇಕು.

ಬೈಬಲ್. ಸಲಿಂಗ ಸಂಬಂಧ ಪಾಪವೆಂದು ತೋರಿಸಲು ಯಾಜಕಕಾಂಡ 18, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯ ನಿಮ್ಮ ಮುಂದೆ ಬಂದೇ ಬರುತ್ತವೆ. ವಚನಕ್ಕೆ ವಚನ ಎಸೆದು ಯಾರೂ ಗೆದ್ದಿಲ್ಲ. ನೀವು ಎರಡು ಭಾಗಗಳನ್ನು ಚೆನ್ನಾಗಿ ಓದಿಕೊಳ್ಳಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ, ಅಂದರೆ ನಪುಂಸಕನಾಗಿದ್ದ ಅರಮನೆಯ ಅಧಿಕಾರಿ, ದಾರಿಯಲ್ಲಿ ನೀರು ಕಂಡು, ನನಗೆ ದೀಕ್ಷಾಸ್ನಾನವಾಗಲು ಅಡ್ಡಿಯೇನು ಎಂದು ಕೇಳುತ್ತಾನೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅಂಥವನಿಗೆ ಸಭೆಯೊಳಗೆ ಪ್ರವೇಶವಿರಲಿಲ್ಲ. ಅವನಿಗೆ ಯೇಸುವಿನ ವಿಷಯ ಹೇಳುತ್ತಿದ್ದ ಫಿಲಿಪ್ಪನು ರಥದಿಂದ ಇಳಿದು ಅವನ ಜೊತೆ ನೀರಿಗೆ ಇಳಿದನು. ಯೆಶಾಯ 56ರಲ್ಲಿ ಅಂಥವರಿಗೇ ದೇವರು ತನ್ನ ಆಲಯದಲ್ಲಿ ಶಾಶ್ವತವಾದ ಹೆಸರು ಕೊಡುವೆನೆಂದು ಹೇಳುತ್ತಾನೆ. ಇವನ್ನು ವಾದಕ್ಕೆ ಬಳಸುವ ಮುನ್ನ ಕೂಟದಲ್ಲಿ ಒಟ್ಟಿಗೆ, ನಿಧಾನಕ್ಕೆ, ಗಟ್ಟಿಯಾಗಿ ಓದಿ.

ಕಥೋಲಿಕ ಯುವಜನರಿಗೆ ಒಂದು ಮಾತು. ನಿಮ್ಮ ಧರ್ಮಸಭೆಯ ಕ್ಯಾಟಿಕಿಸಂ, ಅಂದರೆ ಅಧಿಕೃತ ಬೋಧನಾ ಗ್ರಂಥ, 2358ನೇ ಪರಿಚ್ಛೇದದಲ್ಲಿ ಇಂಥವರನ್ನು ಗೌರವ, ಕನಿಕರ, ಸೂಕ್ಷ್ಮತೆಯಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಮಾಡಬಾರದು ಎನ್ನುತ್ತದೆ. ಅದೇ ಗ್ರಂಥ ಸಲಿಂಗ ಸಂಬಂಧವನ್ನು ಒಪ್ಪುವುದಿಲ್ಲ. ಅದನ್ನು ಮುಚ್ಚಿಟ್ಟು ಅರ್ಧ ಓದಬೇಡಿ. ಫಾದರ್ ಪೂರ್ತಿ ಓದಿರುತ್ತಾರೆ.

3. ಮೈಮನಸ್ಸು ಹದಗೊಳಿಸಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ನನ್ನನ್ನು ಕೇಳಿದರೆ ಅರ್ಧ ವರ್ಷ ಇದಕ್ಕೇ ಕೊಡಬೇಕು.

ಬೈದರೂ ತಳ್ಳಿದರೂ ತಿರುಗಿಬೀಳದೆ ನಿಲ್ಲುವ ಈ ವಿದ್ಯೆ ನಮ್ಮ ನೆಲದಿಂದ ಹೋದದ್ದು. ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದರು. ಜೇಮ್ಸ್ ಲಾಸನ್ ಎಂಬ ಅಮೆರಿಕದ ಮೆಥಡಿಸ್ಟ್ ಯುವಕ 1953ರಲ್ಲಿ ನಾಗಪುರಕ್ಕೆ ಬಂದು ಮೂರು ವರ್ಷ ಅಲ್ಲಿದ್ದು ಸತ್ಯಾಗ್ರಹವನ್ನು ಕಲಿತರು. ದೇಶಕ್ಕೆ ಮರಳಿ ನ್ಯಾಶ್‌ವಿಲ್ ನಗರದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟರು. ಕುರ್ಚಿಗಳನ್ನು ಹೋಟೆಲಿನ ಕೌಂಟರಿನಂತೆ ಜೋಡಿಸಿ, ಕೆಲವರು ಕೂರುವುದು, ಕೆಲವರು ಬೈಯುವುದು, ತಳ್ಳುವುದು. 1960ರ ಫೆಬ್ರವರಿಯಲ್ಲಿ ಅದೇ ಮಕ್ಕಳು ಬಿಳಿಯರಿಗಷ್ಟೇ ಮೀಸಲಿದ್ದ ಕೌಂಟರುಗಳಲ್ಲಿ ಹೋಗಿ ಕುಳಿತರು. ಪ್ರತಿಯಾಗಿ ಹೊಡೆಯಬೇಡ, ಬೈಯಬೇಡ, ಗಟ್ಟಿಯಾಗಿ ನಗಬೇಡ, ನೆಟ್ಟಗೆ ಕೂತು ಕೌಂಟರಿನತ್ತಲೇ ಮುಖ ಮಾಡು ಎಂಬುದು ಅವರ ನಿಯಮ. ಮೇ ತಿಂಗಳಲ್ಲಿ ಆ ಕೌಂಟರುಗಳು ಎಲ್ಲರಿಗೂ ತೆರೆದವು.

ಕಪ್ಪು ಜನರ ಹಕ್ಕಿಗಾಗಿ ನಡೆದ ಅಮೆರಿಕದ ಆ ಚಳವಳಿಗೆ ಅಹಿಂಸೆಯನ್ನು ಕಲಿಸಿದವರಲ್ಲಿ ಬೇಯಾರ್ಡ್ ರಸ್ಟಿನ್ ಇನ್ನೊಬ್ಬರು. ಅವರೂ ಭಾರತಕ್ಕೆ ಬಂದು ಹೋದವರು. 1963ರ ವಾಷಿಂಗ್ಟನ್ ಜಾಥಾವನ್ನು ಸಂಘಟಿಸಿದ್ದು ಅವರೇ. ಗೇ ಎಂಬ ಕಾರಣಕ್ಕೆ ಅವರನ್ನು ವರ್ಷಗಟ್ಟಲೆ ಹಿಂದೆ ಸರಿಸಲಾಯಿತು. ನ್ಯಾಯಕ್ಕೆ ನಿಂತ ಚರ್ಚುಗಳೊಳಗೂ ಈ ತಪ್ಪು ನಡೆದಿದೆ ಎಂಬುದು ನಿಮ್ಮ ಕೂಟಕ್ಕೆ ಗೊತ್ತಿರಲಿ. 1998ರಲ್ಲಿ ಅಲ್ಲಿ ಶುರುವಾದ ಸೋಲ್‌ಫೋರ್ಸ್ ಸಂಘಟನೆ ಚರ್ಚುಗಳೊಳಗಿನ ಎಲ್‌ಜಿಬಿಟಿ ತಾರತಮ್ಯದ ವಿರುದ್ಧವೇ ಈ ದಾರಿ ಹಿಡಿಯಿತು. ಆ ಹೆಸರಿನ ಅರ್ಥ ಆತ್ಮಬಲ, ಗಾಂಧೀಜಿ ಸತ್ಯಾಗ್ರಹಕ್ಕೆ ಕೊಟ್ಟ ಇಂಗ್ಲಿಷ್ ಪದವೇ ಅದು. 2006ರಲ್ಲಿ ಅದರ ಯುವಜನರು ಬಸ್ಸು ಹತ್ತಿ, ಎಲ್‌ಜಿಬಿಟಿ ವಿದ್ಯಾರ್ಥಿಗಳನ್ನು ಹೊರಗಿಡುವ ಕ್ರೈಸ್ತ ಕಾಲೇಜುಗಳಿಗೆ ಒಂದೊಂದಾಗಿ ಹೋಗಿ ಮಾತುಕತೆ ಕೇಳಿದರು. ಕೆಲವೆಡೆ ಬಾಗಿಲು ತೆರೆಯಿತು, ಕೆಲವೆಡೆ ಬಂಧನವಾಯಿತು.

ನೀವು ಮಾಡಬೇಕಾದ್ದು ಇಷ್ಟು. ವಾರಕ್ಕೊಮ್ಮೆ ಒಂದು ತಾಸು ಸೇರಿ. ಎರಡು ಕುರ್ಚಿ ಎದುರುಬದುರು ಇಡಿ. ಒಬ್ಬರು ಸಮಿತಿಯ ಹಿರಿಯರಾಗಲಿ, ಇನ್ನೊಬ್ಬರು ತಾವೇ ಆಗಿ ಮಾತಾಡಲಿ. ನಮ್ಮ ಒಂದು ಅಭ್ಯಾಸದಲ್ಲಿ ಹಿರಿಯರ ಪಾತ್ರ ವಹಿಸಿದ್ದ ಹುಡುಗಿ ಮೇಜು ಗುದ್ದಿ, “ನಿಮ್ಮವ್ವಗ ಹೇಳ್ತೇನಿ, ನಿಂದೂ ಅದೇ ಕಥಿ ಏನು?” ಎಂದಳು. ಎದುರಿದ್ದವನ ಕಿವಿ ಕೆಂಪಾಯಿತು. “ಏ, ನಾನಲ್ಲ!” ಎಂದುಬಿಟ್ಟ. ಕೋಣೆ ಸ್ತಬ್ಧವಾಯಿತು. ತಾನು ಅಂಥವನಲ್ಲ ಎಂದು ಜಾರಿಕೊಳ್ಳುವ ಆ ಎರಡು ಶಬ್ದವೇ ಹೊರಗಿರುವ ಗೆಳೆಯನನ್ನು ಇನ್ನಷ್ಟು ಹೊರಗೆ ತಳ್ಳುತ್ತದೆ ಎಂದು ಅವನಿಗೇ ಹೊಳೆಯಿತು. ಎರಡು ವಾರದ ಮೇಲೆ ಅದೇ ಪ್ರಶ್ನೆಗೆ ಅವನ ಉತ್ತರ ಹೀಗಿತ್ತು: “ನಾನು ಯಾರಂಬೋದು ಬಿಡ್ರಿ ಅಣ್ಣಾರ. ಸಭಿಯೊಳಗ ಯಾರ ಬಂದ್ರೂ ಕೂಡ್ಲಿಕ್ಕೆ ಜಾಗಾ ಐತೇನು ಹೇಳ್ರಿ.” ಇಂಥ ಉತ್ತರ ಪುಸ್ತಕದಿಂದ ಬರುವುದಿಲ್ಲ, ಆ ಕುರ್ಚಿಯಲ್ಲಿ ಕೂತು ಕೂತು ಬರುತ್ತದೆ.

ಅಭ್ಯಾಸದಲ್ಲಿ ಸಿಟ್ಟು ತಡೆಯಲಾಗದವರನ್ನು ಮುಂದಿನ ಸಾಲಿಗೆ ಕಳಿಸಬೇಡಿ. ಅವರಿಗೆ ಬೇರೆ ಕೆಲಸಗಳು ಬೇಕಾದಷ್ಟಿವೆ.

4. ಮನೆಯೊಳಗೇ ಮಾತಾಡಿ: ಮತ್ತಾಯ 18ರ ಮೆಟ್ಟಿಲು

ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು: ಮತ್ತಾಯ 18:15-17 ಹೇಳುವ ಕ್ರಮ ಇದು. ಅಮೆರಿಕದ ಅದೇ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರದಲ್ಲೂ ಸಂಗತಿ ಕಲೆಹಾಕುವುದು, ಮಾತುಕತೆ, ಆತ್ಮಶುದ್ಧಿ ಆದ ಮೇಲೇ ನೇರ ಹೋರಾಟ. ಒಂದು ಮೆಟ್ಟಿಲು ಹಾರಿದರೂ “ನಮ್ಮನ್ನು ಕೇಳಲೇ ಇಲ್ಲ” ಎಂಬ ನ್ಯಾಯವಾದ ದೂರು ಎದುರಿನವರ ಕೈಗೆ ಸಿಗುತ್ತದೆ.

ಮೊದಲು ಸಭಾಪಾಲಕರನ್ನು ಒಬ್ಬರೇ ಕಾಣಿ. ಭಾನುವಾರ ಬೇಡ, ವಾರದ ನಡುವೆ ಹೋಗಿ. ಅವರ ಭಯವನ್ನೂ ಕೇಳಿ: ವರ್ಗಾವಣೆ, ಕಾಣಿಕೆ ಕೊಡುವ ಮನೆತನಗಳ ಮುನಿಸು, ಬಿಷಪ್ಪರ ಕಚೇರಿಗೆ ಹೋಗುವ ಮೂಗರ್ಜಿ. ಎಷ್ಟೋ ಸಭಾಪಾಲಕರು ಮನಸ್ಸಿನಲ್ಲಿ ನಿಮ್ಮ ಜೊತೆಗಿದ್ದು ಬಾಯಿ ಬಿಡಲಾಗದೆ ಕೂತಿರುತ್ತಾರೆ. ಎರಡನೇ ಸಲ ಆ ಹಿರಿಯಕ್ಕನನ್ನು ಕರೆದುಕೊಂಡು ಹೋಗಿ. ಮೂರನೇ ಸಲ ಸಮಿತಿಗೆ ಪತ್ರ ಬರೆಯಿರಿ.

ಪತ್ರ ಒಂದು ಪುಟ ಮೀರದಿರಲಿ. ‘ಸ್ವೀಕಾರ’, ‘ಒಳಗೊಳ್ಳುವಿಕೆ’ ಎಂದು ಬರೆದರೆ ಸಮಿತಿ ಒಪ್ಪಿದಂತೆ ತಲೆಯಾಡಿಸಿ ಮರೆಯುತ್ತದೆ. ಹೌದು ಅಥವಾ ಇಲ್ಲ ಎನ್ನಲೇಬೇಕಾದ ಬೇಡಿಕೆಗಳಿರಲಿ:

- ಈ ಕಾರಣಕ್ಕೆ ಯಾರಿಗೂ ಕರ್ತನ ಭೋಜನ, ದೀಕ್ಷಾಸ್ನಾನ, ಕ್ವಾಯರ್ ತಪ್ಪಿಸಬಾರದು.
- ಪ್ರಸಂಗಪೀಠದಿಂದ ಇಂಥವರನ್ನು ರೋಗಿ, ದೆವ್ವ ಹಿಡಿದವರು ಎನ್ನಬಾರದು. ಅವರು ಕೇಳದೆ ‘ಬಿಡುಗಡೆ ಪ್ರಾರ್ಥನೆ’ ಮಾಡಬಾರದು.
- ಟ್ರಾನ್ಸ್‌ಜೆಂಡರ್ ಸದಸ್ಯರು ತೀರಿಕೊಂಡರೆ ಸಭೆಯ ಸ್ಮಶಾನದಲ್ಲಿ, ಅವರು ಬಾಳಿದ ಹೆಸರಿನಲ್ಲೇ ಮಣ್ಣು ಮಾಡಬೇಕು.
- ವರ್ಷಕ್ಕೊಮ್ಮೆ ಯೌವನಸ್ಥರ ಕೂಟದಲ್ಲಿ ಈ ವಿಷಯದ ಅಧ್ಯಯನ ನಡೆಯಬೇಕು.

ಮೂರನೆಯದನ್ನು ಬಿಡಬೇಡಿ. ಬದುಕಿರುವವರ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ಹಿರಿಯರು ಮಣ್ಣಿನ ಮಾತು ಬಂದಾಗ ಸುಮ್ಮನಾಗಿ ಯೋಚಿಸುವುದನ್ನು ನಾನು ಕಂಡಿದ್ದೇನೆ.

“ಹಿಂದಿನಿಂದ ಬಂದದ್ದನ್ನು ಬದಲಿಸಲಾಗದು” ಎಂದರೆ ಸಭೆಯ ಚರಿತ್ರೆಯನ್ನೇ ನೆನಪಿಸಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂತು. ಜಾತಿಯ ಕಾರಣಕ್ಕೆ ಹೊರಗೆ ನಿಂತಿದ್ದ ಎಷ್ಟೋ ಕುಟುಂಬಗಳು ಒಂದೇ ಬೆಂಚಿನಲ್ಲಿ ಕೂತದ್ದು ಇಂಥ ಸಭೆಗಳಲ್ಲಿಯೇ. ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಹೆಣ್ಣುಮಕ್ಕಳಿಗೆ ಸಭಾಪಾಲಕರ ಅಭಿಷೇಕ ಸಿಕ್ಕಿದ್ದು 1976ರಲ್ಲಿ, ಮಹಿಳೆಯೊಬ್ಬರು ಬಿಷಪ್ ಆದದ್ದು 2013ರಲ್ಲಿ. ಅದಕ್ಕೂ ಮುಂಚೆ ಇದೇ ಮಾತು ಹೇಳಿದವರಿದ್ದರು.

5. ಉತ್ತರ ಬರದಿದ್ದರೆ: ಕಾಣುವಂಥ ಹೆಜ್ಜೆ

ಮೂರು ತಿಂಗಳು ಕಾಯಿರಿ. ಆಮೇಲೆ ಏನು ಮಾಡುವಿರಿ ಎಂಬುದನ್ನು ಸಭಾಪಾಲಕರಿಗೆ ಮುಂಚಿತವಾಗಿ, ದಿನಾಂಕ ಸಮೇತ ತಿಳಿಸಿ. ಗುಟ್ಟಾಗಿ ಮಾಡಿದ್ದು ಸತ್ಯಾಗ್ರಹ ಆಗುವುದಿಲ್ಲ.

ಸಣ್ಣದರಿಂದ ದೊಡ್ಡದಕ್ಕೆ ಹೋಗಿ. ಆರಾಧನೆಯಲ್ಲಿ ನಿಮ್ಮ ಪಕ್ಕ ಒಂದು ಜಾಗ ಖಾಲಿ ಬಿಟ್ಟು ಕೂರಿ. ಯಾರಾದರೂ ಕೇಳಿದರೆ, “ಬರಲಾಗದವರಿಗೆ ಇಟ್ಟಿದ್ದೇವೆ” ಅನ್ನಿ, ಹೆಸರು ಹೇಳಬೇಡಿ. ಶುಕ್ರವಾರ ಒಂದು ಹೊತ್ತು ಉಪವಾಸ ಮಾಡಿ, ಉಳಿದ ಹಣ ಬಡವರ ಕಾಣಿಕೆಗೆ ಹಾಕಿ. ಯೌವನಸ್ಥರ ಭಾನುವಾರದ ಸಾಕ್ಷಿ ಹೇಳುವ ಸಮಯದಲ್ಲಿ ಕಂಚುಕಿಯ ಭಾಗವನ್ನು ಓದಿ. ಕೊನೆಗೆ, ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ಕೈಬರಹದ ಕಾರ್ಡು ಹಿಡಿದು ಅರ್ಧ ತಾಸು ಮೌನವಾಗಿ ನಿಲ್ಲಿ, ಹೊರಬರುವವರಿಗೆ ಎಂದಿನಂತೆ ನಮಸ್ಕಾರ ಹೇಳಿ.

ಎಚ್ಚರ: ಆರಾಧನೆಗೆ ಅಡ್ಡಿಪಡಿಸಬೇಡಿ. ಘೋಷಣೆ ಬೇಡ, ಪ್ರಸಂಗದ ನಡುವೆ ಎದ್ದು ಹೋಗುವುದೂ ಬೇಡ. ಧಾರ್ಮಿಕ ಸಭೆಗೆ ಬೇಕೆಂದೇ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಂ ಪ್ರಕಾರ ಅಪರಾಧ, ಒಂದು ವರ್ಷದವರೆಗೆ ಸಜೆ ಆಗಬಹುದು. ಕಾನೂನಿನ ಮಾತು ಹಾಗಿರಲಿ, ಪ್ರಾರ್ಥನೆಗೆ ಬಂದ ಅಜ್ಜಿಯ ಪ್ರಾರ್ಥನೆ ಕೆಡಿಸಿದರೆ ಆಕೆ ಎಂದೂ ನಮ್ಮ ಜೊತೆ ಬರಲಾರಳು.

6. ಚರ್ಚಿನ ಹೊರಗೆ ಹೋಗಬೇಕೇ?

ನನ್ನ ಸಲಹೆ: ಆದಷ್ಟು ತಡಮಾಡಿ. ಈ ಜಿಲ್ಲೆಗಳಲ್ಲಿ ಚರ್ಚೇ ಒಂದು ಸಣ್ಣ ಅಲ್ಪಸಂಖ್ಯಾತ ಸಮುದಾಯ. ನಮ್ಮ ಜಗಳ ಬೀದಿಗೆ ಬಂದರೆ ಅದನ್ನು ಎತ್ತಿಕೊಳ್ಳುವವರಿಗೆ ಎಲ್‌ಜಿಬಿಟಿ ಜನರ ಮೇಲಿನ ಪ್ರೀತಿ ಇರಬೇಕೆಂದಿಲ್ಲ. ಟಿವಿ ಮೈಕಿನ ಮುಂದೆ ಸ್ವಂತ ಸಭಾಪಾಲಕರನ್ನು ದೂರಬೇಡಿ.

ಹೋಗಲೇಬೇಕಾದರೆ ಲಿಂಗತ್ವ ಅಲ್ಪಸಂಖ್ಯಾತರ ಸ್ವಂತ ಸಂಘಟನೆಗಳು ಕರೆದ ಕಾರ್ಯಕ್ರಮಕ್ಕೆ ಹೋಗಿ. ಹಿಂದಿನ ಸಾಲಿನಲ್ಲಿ ನಿಲ್ಲಿ, ಕುರ್ಚಿ ಹಾಕಿ, ನೀರು ಹಂಚಿ. ಬೈಬಲ್, ಕರಪತ್ರ ಯಾವುದನ್ನೂ ಒಯ್ಯಬೇಡಿ. ಮತಾಂತರದ ಆರೋಪಕ್ಕೆ ಅಷ್ಟೇ ಸಾಕು, ಮತ್ತು ಅದರ ಪೆಟ್ಟು ನಿಮ್ಮನ್ನು ಕರೆದವರಿಗೇ ಬೀಳುತ್ತದೆ. ನೀವೇ ಮೆರವಣಿಗೆ ಮಾಡುವುದಾದರೆ ಪೊಲೀಸರಿಗೆ ಮುಂಚಿತವಾಗಿ ಲಿಖಿತ ಅರ್ಜಿ ಕೊಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಪೊಲೀಸ್ ಕಮಿಷನರೇಟ್ ಇದೆ, ಗದಗ ಮತ್ತು ಹಾವೇರಿಯಲ್ಲಿ ಜಿಲ್ಲಾ ಪೊಲೀಸರು. ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ಕೈಯಲ್ಲಿರಲಿ.

7. ಪೆಟ್ಟು ಬಿದ್ದಾಗ

ಕೂಟದಿಂದ ತೆಗೆದುಹಾಕಿದರೆ ಜಗಳವಾಡದೆ ಹೊರಬನ್ನಿ, ಮುಂದಿನ ಭಾನುವಾರ ಆರಾಧನೆಗೆ ಎಂದಿನಂತೆ ಹೋಗಿ. ಬೆಂಚು ಯಾರಪ್ಪನದೂ ಅಲ್ಲ.

ಯಾರಾದರೂ ಮಾತಿನಲ್ಲಿ ಸಾವಿನ ಸುಳಿವು ಕೊಟ್ಟರೆ ಆ ಕ್ಷಣ ಹೋರಾಟ ಪಕ್ಕಕ್ಕಿಟ್ಟು ಅವರ ಜೊತೆ ಕೂರಿ, ಒಂಟಿಯಾಗಿ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ತಾಸೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಮನೆಯಿಂದ ಹೊರಹಾಕಿದರೆ, ಕೂಡಿಹಾಕಿದರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ಬಲವಂತದಿಂದ ಮನೆ ಅಥವಾ ಊರು ಬಿಡಿಸುವುದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯ 18ನೇ ಕಲಂನಲ್ಲಿ ಅಪರಾಧವೆಂದೇ ಬರೆದಿದೆ. ಆ ರಾತ್ರಿ ಮಲಗಲು ಜಾಗ ಕೊಡಬಲ್ಲ ಎರಡು ಮನೆಗಳನ್ನು ಮಾತ್ರ ಮೊದಲೇ ಗೊತ್ತುಮಾಡಿಟ್ಟುಕೊಂಡಿರಿ. ಕಾನೂನು ಬೆಳಗಿನ ಕಚೇರಿ ವೇಳೆಗೆ ಎಚ್ಚರವಾಗುತ್ತದೆ, ಹೊರಹಾಕುವುದು ರಾತ್ರಿ ಹತ್ತಕ್ಕೆ.

ಇನ್ನೊಂದು ಸಂಗತಿ ಬಾಕಿ. ನಮ್ಮ ಕಡೆಯ ಯೌವನಸ್ಥರ ಕೂಟ ಎರಡು ಮೂರು ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ. ಡಿಗ್ರಿ ಮುಗಿದವರು ಬೆಂಗಳೂರಿನ ರೈಲು ಹತ್ತುತ್ತಾರೆ. ನೀವು ಹೋಗುವ ಆರು ತಿಂಗಳ ಮುಂಚೆಯೇ ಆ ನೋಟ್‌ಬುಕ್ ಇನ್ನೊಬ್ಬರ ಕೈಗೆ ಬರಲಿ. ಯಾವ ದಿನ ಯಾರೊಡನೆ ಏನು ಮಾತಾಯಿತು, ಸಮಿತಿ ಏನೆಂದಿತು, ಯಾವ ಬೇಡಿಕೆ ಉಳಿದಿದೆ ಎಂಬುದಿರಲಿ. ಚರ್ಚು ಬಿಟ್ಟ ಗೆಳೆಯನ ಹೆಸರು ಅದರಲ್ಲಿರುವುದಿಲ್ಲವಲ್ಲ, ಅದಕ್ಕೆ ಹೊಸಬರನ್ನು ನೀವೇ ಒಂದು ಸಲ ಅವನ ಬಳಿಗೆ ಚಹಾಕ್ಕೆ ಕರೆದುಕೊಂಡು ಹೋಗಿ. ಕರೆದುಕೊಂಡು ಬರಲೇ ಎಂದು ಮೊದಲು ಅವನನ್ನು ಕೇಳಿ.